ಬೆನ್ನು ತೋರಿಸಿದವಳು

ನಮ್ಮೂರಿನಲ್ಲಿ ಒಬ್ಬರೇ ಹೋಗಿ ಚಿತ್ರ ನೋಡುವಂತಿಲ್ಲ. ಊಟ ಒಬ್ಬರೇ ಮಾಡಬಹುದು, ಅಳುವುದನ್ನಂತೂ ಒಬ್ಬರೇ ಮಾಡಬೇಕು, ಆದರೆ ಚಿತ್ರ ನೋಡಲು ಇಬ್ಬರು ಬೇಕು. ಆ ಇಬ್ಬರೂ ಬೆನ್ನಿಗೆ ಬೆನ್ನು ಅಂಟಿಸಿಕೊಂಡು ನಿಲ್ಲಬೇಕು. ಹಾಗೇಕೆ ಎಂದು ಕೇಳುವವರು ಪರಊರಿನವರು. ನಾವು ಕೇಳುವುದಿಲ್ಲ.

ಊರ ನಡುವೆ ದೊಡ್ಡಮನೆ ಇದೆ. ಹೆಸರಿಗಷ್ಟೇ ದೊಡ್ಡದು, ಒಳಗೆ ಹೋದರೆ ಒಂದು ಉದ್ದನೆಯ ಪಡಸಾಲೆ, ಅದರಾಚೆ ಬೀಗ ಹಾಕಿದ ಕೆಲವು ಕೋಣೆಗಳು, ಅಷ್ಟೇ. ಧಣಿಗಳು ಇದ್ದಾಗ ಅದು ಮನೆ. ಧಣಿಗಳು ಹೋದ ಮೇಲೆ ಅದು ಮ್ಯೂಸಿಯಂ. ಪಡಸಾಲೆಯ ಮೂಡಲ ಗೋಡೆಯ ತುಂಬ ಚಿತ್ರಗಳು, ಪಡುವಲ ಗೋಡೆಯ ತುಂಬ ಚಿತ್ರಗಳು. ಎರಡೂ ಕಡೆ ಧಣಿಗಳಿದ್ದಾರೆ. ವರ್ಷಕ್ಕೊಂದು ಸಲ, ಧಣಿಗಳು ಹುಟ್ಟಿದ ದಿನ, ಬಾಗಿಲು ತೆರೆಯುತ್ತದೆ. ಅಂದು ಊರಿಗೆ ಊರೇ ಮಿಂದು ಮಡಿಯುಟ್ಟು ಚಿತ್ರ ನೋಡಲು ಹೊರಡುತ್ತದೆ.

ನಿಯಮ ಒಂದೇ. ಧಣಿಗಳಿಗೆ ಬೆನ್ನು ತೋರಿಸಬಾರದು.

ಧಣಿಗಳು ಬದುಕಿದ್ದಾಗ ಇದು ಸುಲಭವಿತ್ತು. ಅವರು ಒಂದು ಕಡೆ ಕೂತಿರುತ್ತಿದ್ದರು. ಜನ ಕೈಮುಗಿದುಕೊಂಡು ಹಿಂದಹಿಂದಕ್ಕೆ ಹೆಜ್ಜೆ ಇಟ್ಟು, ಹೊಸ್ತಿಲು ಎಡವಿ, ಜಗಲಿಯ ಮೇಲೆ ಬಂದು ಬೀಳುತ್ತಿದ್ದರು. ಬಿದ್ದವರನ್ನು ಕಂಡು ಧಣಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. ಅವರು ಸತ್ತ ಮೇಲೆ ಕಷ್ಟ ಶುರುವಾಯಿತು. ಬದುಕಿದ್ದ ಧಣಿಗಳು ಒಬ್ಬರೇ, ಸತ್ತ ಧಣಿಗಳು ಎರಡೂ ಗೋಡೆಯ ಮೇಲೆ! ಈ ಗೋಡೆಗೆ ಮುಖ ಕೊಟ್ಟರೆ ಆ ಗೋಡೆಗೆ ಬೆನ್ನು. ಮೊದಮೊದಲು ಜನ ಪಡಸಾಲೆಯಲ್ಲಿ ಬುಗುರಿಯ ಹಾಗೆ ಗಿರಗಿರ ತಿರುಗುತ್ತ ಹೋಗಿ ತಲೆಸುತ್ತಿ ಬೀಳುತ್ತಿದ್ದರಂತೆ. ಕೊನೆಗೆ ಯಾರೋ ಪುಣ್ಯಾತ್ಮ ಬೆನ್ನುಜೋಡಿಯನ್ನು ಕಂಡುಹಿಡಿದ. ನಿನ್ನ ಬೆನ್ನನ್ನು ನಾನು ಮುಚ್ಚುತ್ತೇನೆ, ನನ್ನ ಬೆನ್ನನ್ನು ನೀನು ಮುಚ್ಚು. ಹೀಗೆ ಬೆನ್ನಿಗೆ ಬೆನ್ನು ಒತ್ತಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ ಪಡಸಾಲೆ ದಾಟಿದರೆ ಯಾರ ಬೆನ್ನೂ ಯಾವ ಧಣಿಗಳ ಕಣ್ಣಿಗೂ ಬೀಳುವುದಿಲ್ಲ. ಒಬ್ಬರು ಮೂಡಲ ಗೋಡೆ ನೋಡುತ್ತಾರೆ. ಇನ್ನೊಬ್ಬರು ಪಡುವಲ ಗೋಡೆ ನೋಡುತ್ತಾರೆ. ಹೀಗೆ ದಾಟಿದವರಲ್ಲಿ ಎರಡನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಮೊದಲ ಸಲ ಯಾವ ಗೋಡೆಗೆ ಮುಖ ಕೊಟ್ಟೆವೋ ಜೋಡಿ ಇರುವತನಕ ಅದೇ ಗೋಡೆ. ಮುಂದಿನ ವರ್ಷ ಗೋಡೆ ಬದಲಿಸಿದರೆ ಹಳೇ ಗೋಡೆಯ ಧಣಿಗಳಿಗೆ ಬೆನ್ನು ತೋರಿಸಿದ ಹಾಗಾಗುವುದಿಲ್ಲವೆ? ಆದ್ದರಿಂದ ನಮ್ಮಲ್ಲಿ ಮದುವೆಗೆ ಜಾತಕ ನೋಡುವುದಿಲ್ಲ, ಬೆನ್ನು ನೋಡುತ್ತಾರೆ. ಹುಡುಗ ಮೂಡಲವನಾದರೆ ಹುಡುಗಿ ಪಡುವಲವಳಾಗಬೇಕು. ಎತ್ತರ ಹೊಂದಬೇಕು, ಅಗಲ ಹೊಂದಬೇಕು. ಗಂಡ ತೀರಾ ಉದ್ದವಾದರೆ ಅವನ ಹೆಗಲು ಹೆಂಡತಿಯ ತಲೆಯ ಮೇಲಿಂದ ಧಣಿಗಳಿಗೆ ಕಂಡುಬಿಡುತ್ತದೆ. ಹೀಗೆ ಕೂಡಿಸಿದ ಗಂಡ ಹೆಂಡಿರು ಬದುಕಿಡೀ ಒಂದೇ ಚಿತ್ರವನ್ನು ಒಟ್ಟಿಗೆ ನೋಡುವುದಿಲ್ಲ. ಮನೆಗೆ ಬಂದು ನೀನೇನು ನೋಡಿದೆ, ನಾನೇನು ನೋಡಿದೆ ಎಂದು ಜಗಳವಾಡುತ್ತಾರೆ. ನಾನು ಪಡುವಲವನು, ನನ್ನ ಹೆಂಡತಿ ಮೂಡಲವಳು. ಧಣಿಗಳ ಕುದುರೆ ಬಿಳಿಯದೆಂದು ಅವಳು ಹೇಳುತ್ತಾಳೆ. ನಾನು ನಂಬಿಲ್ಲ.

ಆ ವರ್ಷ ಧಣಿಗಳ ದಿನ ಒಬ್ಬಳು ಹೆಂಗಸು ಬಂದಳು. ಪರಊರಿನವಳು. ಅರ್ಧ ನರೆತ ತಲೆ, ಕಾಲಿನ ತುಂಬ ಧೂಳು, ಕೈಯಲ್ಲೊಂದು ಬಟ್ಟೆಯ ಚೀಲ. ಜೊತೆಗೆ ಯಾರೂ ಇಲ್ಲ. ಜೋಡಿಜೋಡಿಯಾಗಿ ನಿಂತಿದ್ದ ನಮ್ಮ ಸಾಲನ್ನು ದಾಟಿ ನೆಟ್ಟಗೆ ಬಾಗಿಲಿಗೇ ಹೋದಳು. ಬಾಗಿಲು ಕಾಯುವವನು ಕೋಲು ಅಡ್ಡ ಹಿಡಿದ.

"ನಿಮ್ಮ ಬೆನ್ನೆಲ್ಲಿ ತಾಯೀ?"

"ಇಲ್ಲೇ ಇದೆಯಲ್ಲಪ್ಪ," ಎಂದು ಅವಳು ಹೆಗಲ ಮೇಲಿಂದ ಬೆರಳು ತೋರಿಸಿದಳು.

"ಅದು ನಿಮ್ದು. ಅದನ್ನ ಮುಚ್ಚೋ ಬೆನ್ನೆಲ್ಲಿ ಅಂದೆ."

"ಮುಚ್ಚೋರು ಯಾರೂ ಇಲ್ಲ. ಗೋಡೆಗೆ ಒರಗಿಕೊಂಡೇ ಹೋಗ್ತೀನಿ, ಬಿಡು."

"ಒರಗ್ತೀರಾ? ಗೋಡೆ ತುಂಬ ಧಣಿಗಳಿದಾರೆ. ಧಣಿಗಳ ಮುಖಕ್ಕೆ ಬೆನ್ನು ಉಜ್ಜಿಕೊಂಡು ಹೋಗ್ತೀರಾ?"

ಸಾಲಿನಲ್ಲಿದ್ದವರೆಲ್ಲ ನಕ್ಕೆವು. ಅವಳು ನಗಲಿಲ್ಲ. "ನಾನು ನೋಡಬೇಕಾಗಿರೋದು ಒಂದೇ ಚಿತ್ರ," ಎಂದಳು. "ಧಣಿಗಳ ದರ್ಬಾರಿಂದು, ಓಲಗದ್ದು. ಪಡುವಲ ಗೋಡೇಲಿ ಇದೆಯಂತಲ್ಲ. ನೋಡಿ ಹೊರಟುಹೋಗ್ತೀನಿ."

ಓಲಗದ ಚಿತ್ರ ಎಂದೊಡನೆ ಪಾರುಪತ್ಯಗಾರರು ಒಳಗಿನಿಂದ ಬಂದರು. ದೊಡ್ಡಮನೆಯ ಉಸ್ತುವಾರಿ ಅವರದು. ಅವರಿಗೆ ಜೋಡಿ ಇಲ್ಲ, ಬೇಕಾಗಿಯೂ ಇಲ್ಲ. ಬೆನ್ನಿಗೆ ಒಂದು ಮುಖವಾಡ ಕಟ್ಟಿಕೊಂಡಿದ್ದಾರೆ. ಮುಂದೊಂದು ಮುಖ, ಹಿಂದೊಂದು ಮುಖ. ಆಡಳಿತ ನಡೆಸುವವರಿಗೆ ಇಷ್ಟಾದರೂ ಬೇಡವೆ? ನಾವು ಅವರ ಹಿಂದಿನ ಮುಖಕ್ಕೂ ನಮಸ್ಕಾರ ಮಾಡುತ್ತೇವೆ, ಯಾವುದಕ್ಕೂ ಇರಲಿ ಎಂದು.

"ಓಲಗದ ಚಿತ್ರ ಇವತ್ತೊಂದೇ ದಿನ ಹೀಗಿರೋದು," ಎಂದರು ಪಾರುಪತ್ಯಗಾರರು. "ನಾಳೆ ತಿದ್ದಿಸ್ತೀವಿ. ಅದರಲ್ಲೊಂದು ತಪ್ಪಿದೆ."

ತಪ್ಪಿನ ವಿಷಯ ಹೇಳಿಬಿಡುತ್ತೇನೆ. ಓಲಗದ ಚಿತ್ರದಲ್ಲಿ ಧಣಿಗಳು ತುಂಬ ಆಚೆ, ಪೀಠದ ಮೇಲೆ, ನಮಗೆ ಮುಖಮಾಡಿ ಕೂತಿದ್ದಾರೆ. ಅವರ ಮುಂದೆ ಊರಿನ ಹಿರಿಯರೆಲ್ಲ ನೆರೆದಿದ್ದಾರೆ. ಧಣಿಗಳಿಗೆ ಬೆನ್ನು ತೋರಿಸುವಂತಿಲ್ಲವಲ್ಲ, ಹಾಗಾಗಿ ಅವರ ಬೆನ್ನೆಲ್ಲ ನಮ್ಮ ಕಡೆಗಿದೆ. ಚಿತ್ರದ ತುಂಬ ಬೆನ್ನುಗಳು: ಶಾಲು ಹೊದ್ದ ಬೆನ್ನು, ಬೆವರಿದ ಬೆನ್ನು, ಬಾಗಿ ಬಾಗಿ ಬಿಲ್ಲಾದ ಬೆನ್ನು. ನಮ್ಮೂರಿನಲ್ಲಿ ಯಾರಿಗೂ ತಮ್ಮ ಹಿರಿಯರ ಮುಖ ಗೊತ್ತಿಲ್ಲ. ಆದರೆ ಬೆನ್ನು ಗೊತ್ತು. ಪೀಠಕ್ಕೆ ಹತ್ತಿರದ ಬೆನ್ನು ನಮ್ಮಜ್ಜನದು ಎಂದು ಎರಡು ಮನೆತನಗಳು ಇವತ್ತಿಗೂ ಮಾತು ಬಿಟ್ಟಿವೆ.

ಆ ಬೆನ್ನುಗಳ ನಡುವೆ ಒಂದೇ ಒಂದು ಮುಖವಿದೆ. ಕೈ ತೊಳೆಯಲು ನೀರು ಹಾಕುವ ಹೆಂಗಸಿನದು. ಸೊಂಟದ ಮೇಲೆ ಹಿತ್ತಾಳೆಯ ಗಿಂಡಿ ಇಟ್ಟುಕೊಂಡು, ಧಣಿಗಳ ಕಡೆಯಿಂದ ತಿರುಗಿ, ನಮ್ಮತ್ತ ನಡೆದುಬರುತ್ತಿದ್ದಾಳೆ. ವರ್ಷ ವರ್ಷ ನಾವು ಅವಳನ್ನು ನೋಡಿದ್ದೆವು, ಏನೂ ಅನ್ನಿಸಿರಲಿಲ್ಲ. ಅದರ ಹಿಂದಿನ ವರ್ಷ ಪರಊರಿನ ಪಂಡಿತರೊಬ್ಬರು ಬಂದು, "ಇದೇನ್ರೀ, ಈಕೆ ನಿಮ್ಮ ಧಣಿಗಳಿಗೆ ಬೆನ್ನು ತೋರಿಸಿದ್ದಾಳಲ್ಲ!" ಎಂದು ನಕ್ಕುಹೋದರು. ಅಂದಿನಿಂದ ಊರಿಗೆ ನಿದ್ದೆ ಇಲ್ಲ. ಸಭೆ ಕೂಡಿತು. ಚಿತ್ರ ಬರೆದವನು ಕೈತಪ್ಪಿ ಹಾಗೆ ಬರೆದಿದ್ದಾನೆಂದೂ, ಆ ಮುಖವನ್ನು ಅಳಿಸಿ ಅಲ್ಲಿ ತುರುಬು ಬರೆಸಬೇಕೆಂದೂ ತೀರ್ಮಾನವಾಯಿತು. ನಾನೂ ಕೈ ಎತ್ತಿದ್ದೆ.

ಪಾರುಪತ್ಯಗಾರರು ಇಷ್ಟನ್ನೂ ಹೇಳಿ ಮುಗಿಸುವವರೆಗೆ ಆ ಹೆಂಗಸು ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಆಮೇಲೆ ಸಾಲಿನತ್ತ ತಿರುಗಿದಳು.

"ಯಾರಾದ್ರೂ ಒಂದು ಗಳಿಗೆ ನನ್ನ ಬೆನ್ನಿಗೆ ನಿಂತ್ಕೊಳ್ರಪ್ಪ," ಎಂದಳು.

ನಾವೆಲ್ಲ ನೆಲ ನೋಡಿದೆವು. ನಮ್ಮ ನಮ್ಮ ಬೆನ್ನು ನಮ್ಮ ನಮ್ಮ ಜೋಡಿಗೆ ಮೀಸಲು. ಬಿಟ್ಟುಕೊಟ್ಟರೆ ನಾಳೆ ಬೆನ್ನ ಹಿಂದೆ ಏನೇನು ಆಡಿಕೊಳ್ಳುತ್ತಾರೋ! ಕಷ್ಟದಲ್ಲಿರುವವರ ಬೆನ್ನು ತಟ್ಟುವುದರಲ್ಲಿ ನಮ್ಮೂರಿನವರು ಎತ್ತಿದ ಕೈ. ಬೆನ್ನಿಗೆ ನಿಲ್ಲುವುದು ಬೇರೆ ಮಾತು.

ಜಗಲಿಯ ತುದಿಯಲ್ಲಿ ಒಬ್ಬ ಮುದುಕ ಕೂತಿದ್ದ. ಅವನ ಹೆಂಡತಿ ತೀರಿಹೋದ ಮೇಲೆ ಅವನು ಒಳಗೆ ಹೋಗಿಲ್ಲ. ಜೋಡಿ ಸತ್ತರೆ ಹಳೇ ಗೋಡೆಯ ಋಣವೂ ತೀರಿತು, ಹೊಸ ಬೆನ್ನು ಸಿಕ್ಕರೆ ಹೊಸ ಗೋಡೆ ಎಂದು ನಮ್ಮಲ್ಲಿ ಕಟ್ಟಳೆ ಇದೆ. ಆದರೆ ಮುದುಕರಿಗೆ ಹೊಸ ಬೆನ್ನು ಕೊಡುವವರು ಯಾರು? ಪ್ರತಿ ವರ್ಷ ಅವನು ಬಂದು ಜಗಲಿಯಲ್ಲಿ ಕೂರುತ್ತಿದ್ದ, ಬಾಗಿಲು ಮುಚ್ಚಿದ ಮೇಲೆ ಎದ್ದುಹೋಗುತ್ತಿದ್ದ. ಈಗ ಅವನು ಕೋಲೂರಿಕೊಂಡು ಎದ್ದ.

"ನನ್ನ ಬೆನ್ನು ಕೊಡ್ತೀನಮ್ಮ. ಆದ್ರೆ ಒಂದು ಮಾತು. ನೀವು ಮೂಡಲು ನೋಡಿ. ಪಡುವಲು ನನಗಿರಲಿ."

"ನಾನು ಬಂದಿರೋದೇ ಪಡುವಲಿಗೆ, ಯಜಮಾನ್ರೇ."

"ನಾನು ಕಾದಿರೋದೂ ಅದಕ್ಕೇ ಕಣಮ್ಮ. ನಮ್ಮಾಕೆ ಪಡುವಲವಳು. ಬದುಕಿರೋ ತನಕ ಆ ಗಿಂಡಿ ಹಿಡಿದೋಳ ಮಾತೇ ಆಡಿದಳು. 'ನೀವು ನೋಡಬೇಕಿತ್ತು ಕಣ್ರೀ, ಅವಳ ಮುಖ ನೋಡಿದ್ರೆ ಒಂದು ವರ್ಷಕ್ಕಾಗೋವಷ್ಟು ಧೈರ್ಯ ಬರುತ್ತೆ' ಅಂತಿದ್ದಳು. ಅದನ್ನ ನಂಬಿ ನಾನು ಏನೇನು ತಡಕೊಂಡಿದೀನೋ. ಆ ಮುಖ ಒಂದ್ಸಲ ನೋಡದೆ ಹೋದ್ರೆ ಹೇಗೆ? ನಾಳೆ ಇರಲ್ಲ ಅದು."

ಹೆಂಗಸು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಆ ಗಿಂಡಿ ಹಿಡಿದೋಳು ನಮ್ಮವ್ವ."

ಮುದುಕ ಕೋಲೂರಿಕೊಂಡು ಒಂದು ಹೆಜ್ಜೆ ಹತ್ತಿರ ಬಂದ.

"ನನಗೆ ನೆನಪು ಬರೋಕೆ ಮುಂಚೆ ತೀರಿಹೋದ್ಲು. ಸಾಕಿದ್ದು ಚಿಕ್ಕಮ್ಮ. ಅವರು ಹೇಳ್ತಿದ್ರು, ಓಲಗದ ದಿನ ಅವ್ವ ನೀರು ಹಾಕ್ತಿದ್ಲಂತೆ, ಧಣಿ ಏನೋ ಅಂದ್ರಂತೆ. ಏನಂದ್ರು ಅಂತ ಅವ್ವ ಯಾವತ್ತೂ ಬಾಯಿ ಬಿಡಲಿಲ್ವಂತೆ. ಗಿಂಡಿ ಸಮೇತ ತಿರುಗಿ ನಡೆದುಬಂದ್ಲಂತೆ, ಹೊಟ್ಟೇಲಿ ನನ್ನ ಇಟ್ಕೊಂಡು. ಆ ಗಿಂಡಿ ಮೂತೀಲೇ ಹಾಲು ಕುಡಿದು ಬೆಳೆದೋಳು ನಾನು. 'ನಿಂದು ನಿಮ್ಮವ್ವನದೇ ಮುಖ' ಅಂತಿದ್ರು ಚಿಕ್ಕಮ್ಮ. ಈಗ ಅವರೂ ಇಲ್ಲ. ಹೌದೋ ಅಲ್ವೋ ಯಾರನ್ನ ಕೇಳಲಿ? ಅವಳದು ಅಂತ ಇರೋದು ಅದೊಂದು ಚಿತ್ರ."

ಮುದುಕ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಒರೆಸಿಕೊಂಡದ್ದು ತನ್ನ ನಷ್ಟಕ್ಕೋ ಅವಳ ದುಃಖಕ್ಕೋ ತಿಳಿಯದು, ಎರಡಕ್ಕೂ ಇರಬೇಕು. "ಪಡುವಲು ನೀವೇ ನೋಡಿ," ಎಂದ. "ನಾನು ಮೂಡಲಿಗೆ ನಿಲ್ತೀನಿ. ನೋಡಿ ಬಹಳ ದಿನ ಆಯ್ತು. ಧಣಿಗಳೇನೂ ನನ್ನ ಹಾಗೆ ಮುದುಕರಾಗಿರಲ್ಲ."

ಅವರಿಬ್ಬರನ್ನೂ ನಮಗಿಂತ ಮುಂದೆ ಬಿಟ್ಟರು. ಅವರ ಹಿಂದಿನ ಜೋಡಿ ನಾನು ಮತ್ತು ನನ್ನ ಹೆಂಡತಿ. ಹಾಗಾಗಿ ನಡೆದದ್ದನ್ನೆಲ್ಲ ನಾನು ಹತ್ತಿರದಿಂದ ಕಂಡೆ. ಅಂದರೆ ಪಡುವಲ ಅರ್ಧವನ್ನು ಕಂಡೆ.

ಪಡಸಾಲೆಯ ಕೊನೆಯ ಗಿಡ್ಡ ಗೋಡೆಯಲ್ಲಿ ಚಿತ್ರವಿಲ್ಲ. ಅದಕ್ಕೆ ಒರಗಿ, ಎತ್ತರದ ಸ್ಟೂಲಿನ ಮೇಲೆ ವಿವರಣೆ ಹೇಳುವವನು ಕೂತಿರುತ್ತಾನೆ. ಊರಿನಲ್ಲಿ ನೆಮ್ಮದಿಯ ಬೆನ್ನಿರುವುದು ಅವನೊಬ್ಬನಿಗೆ. "ಬೆನ್ನು ಬಿಡಬೇಡಿ, ಬೆನ್ನು ಬಿಡಬೇಡಿ," ಎಂದು ರಾಗವಾಗಿ ಹೇಳುತ್ತ ಎರಡೂ ಗೋಡೆಯನ್ನು ಒಟ್ಟಿಗೆ ವಿವರಿಸುತ್ತಾನೆ. "ಮೂಡಲವರು ನೋಡಿ, ಕುದುರೆಯ ಮೇಲೆ ಧಣಿಗಳು. ಪಡುವಲವರು ನೋಡಿ, ಆನೆಯ ಮೇಲೆ ಧಣಿಗಳು. ಬೆನ್ನು ಬಿಡಬೇಡಿ. ಮೂಡಲವರು ನೋಡಿ, ಸತ್ತ ಹುಲಿಯ ಮೇಲೆ ಧಣಿಗಳ ಕಾಲು." ಹುಲಿಯನ್ನು ಹೊಡೆದವನು ಬೇರೆ ಯಾರೋ ಎಂದು ಮೂಡಲವರೆಲ್ಲ ಹೇಳುತ್ತಾರೆ. ಕಾಲಿಟ್ಟದ್ದು ಮಾತ್ರ ಧಣಿಗಳೇ, ಅದರಲ್ಲಿ ಸಂಶಯವಿಲ್ಲ.

ಅಡ್ಡ ಹೆಜ್ಜೆ, ಅಡ್ಡ ಹೆಜ್ಜೆ. ಊರಿಗೆ ಊರೇ ಬೆನ್ನು ಅಂಟಿಸಿಕೊಂಡು ಸರಿಯುತ್ತಿತ್ತು. ಮುಂದೆ ಆ ಇಬ್ಬರು. ಮುದುಕನ ಎಲುಬು ಚುಚ್ಚುತ್ತಿತ್ತೇನೋ, ಹೆಂಗಸು ಆಗಾಗ ಬೆನ್ನು ಸರಿಮಾಡಿಕೊಳ್ಳುತ್ತಿದ್ದಳು.

"ಬಂತಾ?" ಎಂದು ಮುದುಕ ಕೇಳುತ್ತಿದ್ದ.

"ಇಲ್ಲ. ಇದು ಆನೆ."

"ಈಗ?"

"ಇದು ಹಣ್ಣಿನ ತಟ್ಟೆ. ಪಕ್ಕದಲ್ಲಿ ಧಣಿಗಳು."

"ಈಗ ಬಂತಾ ತಾಯೀ?"

ಅವಳ ಕಾಲು ನಿಂತಿತು.

ಓಲಗದ ಚಿತ್ರದ ಮುಂದೆ ಯಾರೂ ನಿಲ್ಲುವುದಿಲ್ಲ. ತಮ್ಮಜ್ಜನ ಬೆನ್ನಿಗೆ ಕೈಮುಗಿದು ಸರಿದುಬಿಡುತ್ತೇವೆ. ಅವಳು ನಿಂತಳು. ಅಷ್ಟೊಂದು ಬೆನ್ನುಗಳನ್ನು ದಾಟಿ ಅವಳ ಕಣ್ಣು ನಡುವಿನ ಆ ಮುಖಕ್ಕೆ ಹೋಯಿತು. ನಾನೂ ನೋಡಿದೆ. ಸಣ್ಣ ಮುಖ, ಅಂಗೈಯಷ್ಟೇ ಇರಬಹುದು. ಸಿಟ್ಟಿನಲ್ಲಿರುವ ಹೆಂಗಸಿನ ಮುಖವದು. ಆದರೆ ಸಿಟ್ಟು ನಮ್ಮ ಮೇಲಲ್ಲ. ನಮ್ಮನ್ನು ನೋಡುವಾಗ ಅವಳ ಕಣ್ಣು, ದಾರಿ ಬಿಡಿ, ಹೋಗಬೇಕು ಎಂದಷ್ಟೇ ಹೇಳುತ್ತಿತ್ತು. ಪಕ್ಕದಲ್ಲಿ ನಿಂತಿದ್ದವಳ ಮುಖವನ್ನೂ ಓರೆಗಣ್ಣಿನಲ್ಲಿ ನೋಡಿದೆ. ಅದೇ ಗಲ್ಲ, ಅದೇ ಹುಬ್ಬು. ಒಂದು ವರ್ಷದಿಂದ ನಾನು ಆ ಮುಖವನ್ನು ತಪ್ಪು ಎಂದು ಕರೆಯುತ್ತಿದ್ದೆ.

ಹಿಂದಿನಿಂದ ಜೋಡಿಗಳು ಬಂದು ಒಂದಕ್ಕೊಂದು ತಗುಲಿಕೊಂಡು ಸಾಲು ನಿಂತುಹೋಯಿತು. "ಸರೀರಿ, ಸರೀರಿ! ಬೆನ್ನು ಬಿಡಬೇಡಿ!" ಎಂದು ಸ್ಟೂಲಿನ ಮೇಲಿನವನು ಕೂಗಿದ.

"ಬಂತಲ್ವಾ?" ಎಂದ ಮುದುಕ, ಎದುರಿನ ಹುಲಿಯನ್ನೇ ನೋಡುತ್ತ. "ಹೇಗಿದಾಳೆ? ಹೇಳಮ್ಮ. ನಮ್ಮಾಕೆ ಹೇಳ್ತಿದ್ದ ಹಾಗೇ ಇದಾಳಾ?"

"ನನ್ನ ಕೈಲಿ ಹೇಳೋಕಾಗಲ್ಲ ಯಜಮಾನ್ರೇ," ಎಂದಳು. "ನೀವೇ ತಿರುಗಿ ನೋಡಿ."

ನೀವೇ ನೋಡಿ ಎಂಬ ಮಾತನ್ನು ಆ ಪಡಸಾಲೆಯಲ್ಲಿ ಅಲ್ಲಿಯವರೆಗೆ ಯಾರೂ ಯಾರಿಗೂ ಹೇಳಿರಲಿಲ್ಲ. ನಾವು ಹೇಳುವುದು, ಕೇಳುವುದು, ನಂಬದಿರುವುದು, ಇಷ್ಟೇ. ಮುದುಕ ತಿರುಗಿದ. ಹುಲಿಯ ಮೇಲೆ ಕಾಲಿಟ್ಟಿದ್ದ ಧಣಿಗಳಿಗೆ, ಕುದುರೆಯ ಮೇಲಿದ್ದ ಧಣಿಗಳಿಗೆ, ಗುಲಾಬಿ ಮೂಸುತ್ತಿದ್ದ ಧಣಿಗಳಿಗೆ ಒಂದೇ ಸಲ ಬೆನ್ನು ತೋರಿಸಿ, ಅವಳ ಪಕ್ಕಕ್ಕೆ ಬಂದು, ಹೆಗಲಿಗೆ ಹೆಗಲು ಕೊಟ್ಟು ನಿಂತ.

ಬಹಳ ಹೊತ್ತು ನೋಡಿದ. ಆಮೇಲೆ, "ಸುಳ್ಳಿ," ಎಂದ. ಹೆಂಡತಿಗೆ ಹೇಳಿದ್ದು ಅದು. "ಒಂದು ವರ್ಷಕ್ಕಾಗೋವಷ್ಟು ಅಂದಿದ್ದಳು. ಪೂರ್ತಿ ಬದುಕಿಗಾಗುತ್ತಲ್ಲೇ ಇದು."

ಮುದುಕ ಅಳುತ್ತ ನಗುತ್ತಿದ್ದ. ನೋಡಿದ ನನಗೂ ಕಣ್ಣು ತುಂಬಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

"ಬೆನ್ನು! ಬೆನ್ನು!" ಎಂದು ಸ್ಟೂಲಿನವನು ಬೊಬ್ಬೆ ಹೊಡೆದ. "ಎರಡು ಬೆನ್ನು ಬಿಟ್ಟಿವೆ!" ಎಲ್ಲಿ, ಯಾರದು ಎಂದು ಮೂಡಲವರೆಲ್ಲ ಕತ್ತು ಹೊರಳಿಸಿದರು. ಕತ್ತು ಸಾಲದೆ ಮೈಯನ್ನೂ ಹೊರಳಿಸಿದರು. ಬೆನ್ನು ತೋರಿಸಿದವರನ್ನು ನೋಡುವ ಆತುರದಲ್ಲಿ ಅರ್ಧ ಊರು ಧಣಿಗಳಿಗೆ ಬೆನ್ನು ತೋರಿಸಿತು. ನನ್ನ ಬೆನ್ನು ತಣ್ಣಗಾಯಿತು. ನೋಡಿದರೆ ನನ್ನ ಹೆಂಡತಿ ಪಕ್ಕದಲ್ಲಿದ್ದಾಳೆ, ಓಲಗದ ಚಿತ್ರವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಾಳೆ.

"ಇಷ್ಟು ವರ್ಷ ನೀವು ಹೇಳಿದ್ದು ಒಂದೂ ಸರಿಯಿಲ್ವಲ್ರೀ," ಎಂದಳು.

ಆ ಸಂದಿನಲ್ಲಿ ನಾನೂ ಒಂದು ಸಲ ಮೂಡಲ ಗೋಡೆ ನೋಡಿಬಿಟ್ಟೆ. ಕುದುರೆ ಬಿಳಿಯದೇ.

ಪಾರುಪತ್ಯಗಾರರು ಜನರನ್ನು ತಳ್ಳಿಕೊಂಡು ಓಡಿಬಂದರು. ನೂಕುನುಗ್ಗಲಿನಲ್ಲಿ ಬೆನ್ನಿನ ಮುಖವಾಡದ ದಾರ ಕಿತ್ತು ಅದು ಕೆಳಗೆ ಬಿತ್ತು. ಅವರಿಗೆ ಗೊತ್ತಾಗಲಿಲ್ಲ. ಅವರಿಗೂ ನಮ್ಮ ಹಾಗೆಯೇ ಬರಿಯ ಬೆನ್ನಿರುವುದನ್ನು, ಅದೂ ಬೆವರಿ ಅಂಗಿ ಅಂಟಿಕೊಂಡ ಬೆನ್ನಿರುವುದನ್ನು ನಾವು ಅಂದೇ ಕಂಡದ್ದು.

"ಯಾರಮ್ಮ ನೀನು?" ಎಂದು ಗುಡುಗಿದರು.

ಹೆಂಗಸು ಆಗ ನಮ್ಮ ಕಡೆ ತಿರುಗಿದಳು. ಚಿತ್ರಕ್ಕೆ ಬೆನ್ನು ಮಾಡಿ, ಚೀಲವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಳು. ಅವಳ ತಲೆಯ ಮೇಲೆ ಚಿತ್ರದ ಮುಖ, ಕೆಳಗೆ ಅವಳ ಮುಖ.

"ಇದು ತಪ್ಪಲ್ಲ ಸ್ವಾಮಿ," ಎಂದಳು. "ನಮ್ಮವ್ವ."

ಪಾರುಪತ್ಯಗಾರರು ಎರಡೂ ಮುಖಗಳನ್ನು ನೋಡಿದರು. ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ನಾವು ಕಾದೆವು. ಅವರು ಯೋಚಿಸಿ, ಕೈ ಚಾಚಿ, "ಹಾಗಾದ್ರೆ ಗಿಂಡಿ ಎಲ್ಲಿ?" ಎಂದರು. "ಅದು ದೊಡ್ಡಮನೆಯ ಆಸ್ತಿ!"

ಅವಳು ನಕ್ಕಳು. ಬಂದಾಗಿನಿಂದ ಅವಳು ನಕ್ಕದ್ದು ಅದೊಂದೇ ಸಲ. ನಗುತ್ತಲೇ ಪಡಸಾಲೆಯ ನಟ್ಟನಡುವೆ, ಅಡ್ಡ ಹೆಜ್ಜೆಯಲ್ಲ, ನೆಟ್ಟ ಹೆಜ್ಜೆ ಇಡುತ್ತ, ಬಾಗಿಲಿನತ್ತ ನಡೆದಳು. ನಾವು ದಾರಿ ಬಿಟ್ಟೆವು. ಮುದುಕ ಕೋಲೂರಿಕೊಂಡು ಅವಳ ಹಿಂದೆ ಹೋದ. ಬಾಗಿಲು ಕಾಯುವವನು ಕೋಲು ಅಡ್ಡ ಹಿಡಿಯುವುದನ್ನು ಮರೆತಿದ್ದ.

ಅಷ್ಟಾದ ಮೇಲೆ ನಾವು ಬದಲಾದೆವು ಎಂದುಕೊಂಡರೆ ನಿಮಗೆ ನಮ್ಮೂರು ಗೊತ್ತಿಲ್ಲ. ಮರುದಿನ ಬೆಳಿಗ್ಗೆಯೇ ಬಣ್ಣದವನು ಬಂದ. ಅಂಗಡಿಗಳಿಗೆ ಬೋರ್ಡು ಬರೆಯುವವನು. ಪಾರುಪತ್ಯಗಾರರು ಹೊಸ ದಾರದಲ್ಲಿ ಮುಖವಾಡ ಕಟ್ಟಿಕೊಂಡು ಪಕ್ಕದಲ್ಲೇ ನಿಂತರು. ಬಣ್ಣದವನು ಚಿತ್ರವನ್ನು ನೋಡಿ ತಲೆ ಕೆರೆದುಕೊಂಡ.

"ಸ್ವಾಮಿ, ಮುಖದ ಜಾಗಕ್ಕೆ ತುರುಬು ಬರೀತೀನಿ. ಪಾದ ಏನ್ಮಾಡ್ಲಿ? ಪಾದ ಈ ಕಡೆಗಿದೆ. ಸೀರೆ ನೆರಿಗೆ, ಗಿಂಡಿ ಎಲ್ಲಾ ಈ ಕಡೆಗೇ ಇದೆ."

"ಸಭೆಯ ತೀರ್ಮಾನ ಮುಖದ ಬಗ್ಗೆ ಮಾತ್ರ," ಎಂದರು ಪಾರುಪತ್ಯಗಾರರು. "ಪಾದದ ವಿಷಯ ಯಾರೂ ಎತ್ತಿಲ್ಲ. ನೀನು ಎತ್ತಬೇಡ."

ಬಣ್ಣದವನು ಮುಖದ ಮೇಲೆ ಕಪ್ಪು ಬಳಿದ. ದೊಡ್ಡ ತುರುಬು ಬರೆದ. ಕೈಯಲ್ಲಿ ಬಿಳಿ ಬಣ್ಣ ಮಿಕ್ಕಿತ್ತೆಂದು ಒಂದು ದಂಡೆ ಮಲ್ಲಿಗೆಯನ್ನೂ ಮುಡಿಸಿದ. ತಪ್ಪು ತಿದ್ದಿಯಾಯಿತು ಎಂದು ನಾವು ಸಕ್ಕರೆ ಹಂಚಿದೆವು.

ಮುಂದಿನ ವರ್ಷ ಧಣಿಗಳ ದಿನ ಬಂತು. ಮಿಂದೆವು, ಮಡಿಯುಟ್ಟೆವು, ಬೆನ್ನಿಗೆ ಬೆನ್ನು ಒತ್ತಿದೆವು. ಮೊದಲ ಜೋಡಿ ಓಲಗದ ಚಿತ್ರದ ಮುಂದೆ ಬಂದದ್ದೇ ತಡ, ಪಡುವಲವಳು ಕಿಟಾರನೆ ಕಿರುಚಿದಳು.

ಹಿಂದುಮುಂದಾದ ಪಾದ ಯಾರಿಗಿರುತ್ತದೆ ಎಂಬುದನ್ನು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೇಲೆ ತುರುಬು, ಮಲ್ಲಿಗೆ. ಕೆಳಗೆ ಪಾದ ನಮ್ಮ ಕಡೆಗೆ, ಹತ್ತೂ ಬೆರಳು ನಮ್ಮ ಕಡೆಗೆ. ಮುಖವಿಲ್ಲದ ಹೆಂಗಸೊಬ್ಬಳು ಸೊಂಟದ ಮೇಲೆ ಗಿಂಡಿ ಇಟ್ಟುಕೊಂಡು ನಮ್ಮತ್ತ ನಡೆದುಬರುತ್ತಿದ್ದಾಳೆ! ಬೆನ್ನು ತೋರಿಸಿದ ಒಬ್ಬಳು ಬಡ ಹೆಂಗಸನ್ನು ನಾವೆಲ್ಲ ಸೇರಿ, ಸಭೆ ಮಾಡಿ, ಬಣ್ಣ ಬಳಿಸಿ, ದೆವ್ವ ಮಾಡಿಟ್ಟಿದ್ದೆವು.

ಓಡಿಹೋಗುವಂತಿರಲಿಲ್ಲ, ಓಡಬೇಕಾದರೆ ಅವಳಿಗೆ ಬೆನ್ನು ಕೊಡಬೇಕು. ಮೂಡಲವರ ಪಾಡಂತೂ ಯಾರಿಗೂ ಬೇಡ. ಕಾಣದ ಕಡೆಯಿಂದ ಅವಳು ಬಂದು ಹೆಗಲ ಮೇಲೆ ಕೈಯಿಟ್ಟರೆ? ಮೊದಲು ತಿರುಗಿದವಳು ನನ್ನ ಹೆಂಡತಿ. "ಧಣಿಗಳು ಏನಾದ್ರೂ ಅಂದ್ಕೊಳ್ಳಲಿ, ನಾನು ಅವಳಿಗೆ ಬೆನ್ನು ಕೊಡೋಳಲ್ಲ," ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಮೂಡಲವರೆಲ್ಲ ತಿರುಗಿದರು. ಕೊನೆಗೆ ಪಾರುಪತ್ಯಗಾರರೂ ಗೋಡೆ ಹಿಡಿದುಕೊಂಡು ಬಂದು ನಮ್ಮ ನಡುವೆ ನಿಂತರು. ಯಾವ ಕಡೆ ಯಾವ ಮುಖವಿರಬೇಕೆಂಬ ಗೊಂದಲದಲ್ಲಿ ಮುಖವಾಡವನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕುದುರೆಯ ಮೇಲೆ, ಹುಲಿಯ ಮೇಲೆ, ಗುಲಾಬಿಯ ಹಿಂದೆ, ಅಷ್ಟೂ ಧಣಿಗಳಿಗೆ ಅಂದು ಕಂಡದ್ದು ಊರಿನ ಬೆನ್ನು. ನಮ್ಮಜ್ಜಂದಿರು ಚಿತ್ರದೊಳಗೆ ಹೇಗೆ ನಿಂತಿದ್ದರೋ ನಾವು ಚಿತ್ರದ ಹೊರಗೆ ಹಾಗೆಯೇ ನಿಂತಿದ್ದೆವು, ನಡುಬಗ್ಗಿಸಿ, ಕೈಮುಗಿದು. ಎದುರಿಗಿದ್ದವರು ಮಾತ್ರ ಬೇರೆ.

ಜೋಡಿಗಳೆಲ್ಲ ಮುರಿದ ಆ ಗದ್ದಲದಲ್ಲಿ ಜಗಲಿಯಿಂದ ಮುದುಕನೂ ಒಳಗೆ ಬಂದಿದ್ದ. ಅವನೊಬ್ಬನೇ ಕೈಮುಗಿದಿರಲಿಲ್ಲ. ಬೇಸಿಗೆಯಲ್ಲಿ ಆ ಹೆಂಗಸಿನ ಊರಿಗೆ ಹೋಗಿಬಂದನಂತೆ. ಅದೇ ಗಿಂಡಿಯಲ್ಲಿ ಅವಳು ಕುಡಿಯಲು ನೀರು ಕೊಟ್ಟಳಂತೆ. ಇಲ್ಲಿ ಮುಖ ಅಳಿಸಿದ ಸುದ್ದಿ ಹೇಳಿದರೆ ಅವಳು ಗೋಡೆಯ ಕನ್ನಡಿಯನ್ನು ತೋರಿಸಿ, "ನಮ್ಮವ್ವ ಈಗ ಅಲ್ಲಿ ಸಿಗ್ತಾಳೆ ಯಜಮಾನ್ರೇ, ದಿನಾ ಬೆಳಿಗ್ಗೆ," ಎಂದಳಂತೆ.

ನಾನು ಅವನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಕೇಳಿದೆ. "ಹಿಂದಿನಿಂದ ಧಣಿಗಳು ನೋಡ್ತಿದಾರಲ್ಲ, ಏನೂ ಮಾಡಲ್ವಾ?"

ಮುದುಕ ಓಲಗದ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಅವರು ಕೂತಿರೋರು ಕಣಪ್ಪ," ಎಂದ. "ಇವಳು ಹೊರಟಿರೋಳು."